ಕಂಚಿನ ಬಳೆಯ ಲೆಕ್ಕ

ಟ್ರಿಗರ್ ಒತ್ತಿದೊಡನೆ ಈಡು ಹಾರುತ್ತದೆ, ಭುಜಕ್ಕೆ ಒದೆತ ಬೀಳುತ್ತದೆ. ಮತ್ತೊಮ್ಮೆ ಒತ್ತಿದರೆ ಸದ್ದೇ ಇಲ್ಲ. ತಿರುಗಿಸಿ ನೋಡಿದರೆ ಬಲಮಗ್ಗುಲಿನ ಕಿಂಡಿಯಲ್ಲಿ ಖಾಲಿ ತೋಟಾ ಅರ್ಧ ಒಳಗೆ, ಅರ್ಧ ಹೊರಗೆ ಸಿಕ್ಕಿಬಿದ್ದಿರುತ್ತದೆ. ಅಮೆರಿಕದಲ್ಲಿ ಹಳೆಯ ಸೆಮಿ ಆಟೊಮ್ಯಾಟಿಕ್ ಶಾಟ್‌ಗನ್ನನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡು ಬಾತುಕೋಳಿ ಬೇಟೆಗೆ ಹೊರಟವರ ಮೊದಲ ದೂರು ಸಾಮಾನ್ಯವಾಗಿ ಇದೇ. ಯಾವುದೋ ಭಾಗ ಮುರಿದಿರಬೇಕು ಎಂದುಕೊಂಡು ಅವರು ಸ್ಪ್ರಿಂಗ್ ಬದಲಿಸುತ್ತಾರೆ, ಕೊಕ್ಕೆಗೆ ಅರ ಹಾಕುತ್ತಾರೆ, ಇದ್ದಬದ್ದ ಕಡೆಗೆಲ್ಲ ಎಣ್ಣೆ ಬಿಡುತ್ತಾರೆ. ಹೆಚ್ಚಿನ ಸಲ ಮುರಿದದ್ದು ಏನೂ ಇರುವುದಿಲ್ಲ. ಒಂದು ಬಳೆ ಇರಬೇಕಾದ ಜಾಗದಲ್ಲಿಲ್ಲ, ಅಷ್ಟೆ. ಆ ಬಳೆಯ ಜಾಗ ತಪ್ಪಿದರೆ ಕೋವಿಯ ಶಕ್ತಿಯ ಆಯವ್ಯಯವೇ ತಪ್ಪುತ್ತದೆ.

ನಮ್ಮ ಮಲೆನಾಡಿನ ಜೋಡುನಳಿಕೆ ಕೋವಿಗೆ ಈ ಕಾಯಿಲೆ ಬರುವುದಿಲ್ಲ. ಅಲ್ಲಿ ನಳಿಕೆ ಮಡಚುವುದು, ಖಾಲಿ ತೋಟಾ ತೆಗೆಯುವುದು, ಹೊಸದನ್ನು ಹಾಕುವುದು ಎಲ್ಲವೂ ಮನುಷ್ಯನ ಕೈಕೆಲಸ. ಸೆಮಿ ಆಟೊಮ್ಯಾಟಿಕ್ ಕೋವಿಯಲ್ಲಿ ಇಷ್ಟನ್ನೂ ಕೋವಿಯೇ ಮಾಡಿಕೊಳ್ಳಬೇಕು. ಅದಕ್ಕೆ ಬೇಕಾದ ಶಕ್ತಿ ಸಿಡಿದ ಮದ್ದಿನಿಂದಲೇ ಬರಬೇಕು. ಆ ಶಕ್ತಿ ಕಡಿಮೆಯಾದರೆ ಖಾಲಿ ತೋಟಾ ಕಿಂಡಿಯಲ್ಲಿ ಸಿಕ್ಕಿಕೊಳ್ಳುತ್ತದೆ, ಹೆಚ್ಚಾದರೆ ಹಿಡಿಯ ಮರ ಸೀಳುತ್ತದೆ.

ಈ ಲೆಕ್ಕವನ್ನು ಶಾಟ್‌ಗನ್ನಿನಲ್ಲಿ ಮೊದಲು ಯಶಸ್ವಿಯಾಗಿ ಬಿಡಿಸಿದವನು ಅಮೆರಿಕದ ಯೂಟಾ ಪ್ರಾಂತ್ಯದ ಆಗ್ಡನ್ ಊರಿನ ಜಾನ್ ಮೋಸೆಸ್ ಬ್ರೌನಿಂಗ್. ಹುಟ್ಟಿದ್ದು 1855ರಲ್ಲಿ, ಕೋವಿ ಮಾಡುವ ಕುಶಲಕರ್ಮಿಯ ಮಗನಾಗಿ. ಅವನ ಸ್ವಯಂಚಾಲಿತ ಶಾಟ್‌ಗನ್ನಿಗೆ 1900ರಲ್ಲಿ ಪೇಟೆಂಟ್ ಸಿಕ್ಕಿತು. ಅಲ್ಲಿಯವರೆಗೆ ಅವನ ವಿನ್ಯಾಸಗಳನ್ನು ವಿಂಚೆಸ್ಟರ್ ಕಂಪನಿ ಒಂದೇ ಗಂಟಿಗೆ ಕೊಳ್ಳುತ್ತಿತ್ತು. ಈ ಸಲ ಬ್ರೌನಿಂಗ್ ಮಾರಾಟವಾದ ಪ್ರತಿ ಕೋವಿಗೂ ರಾಯಧನ ಕೇಳಿದ, ವಿಂಚೆಸ್ಟರ್ ಒಪ್ಪಲಿಲ್ಲ. ಅವನು ರೆಮಿಂಗ್ಟನ್ ಕಂಪನಿಯ ಬಾಗಿಲಿಗೆ ಹೋದ. 1902ರ ಜನವರಿಯಲ್ಲಿ, ಮಾತುಕತೆ ನಡೆಯಬೇಕಿದ್ದ ಹೊತ್ತಿನಲ್ಲೇ ಅಲ್ಲಿನ ಮುಖ್ಯಸ್ಥ ಮಾರ್ಸೆಲಸ್ ಹಾರ್ಟ್‌ಲಿ ಹೃದಯಾಘಾತದಿಂದ ತೀರಿಕೊಂಡ. ಬ್ರೌನಿಂಗ್ ಹಡಗು ಹತ್ತಿ ಬೆಲ್ಜಿಯಂಗೆ ಹೋದ. ಲೀಯೆಜ್ ನಗರದ ಪಕ್ಕದ ಹೆರ್ಸ್ತಾಲ್‌ನಲ್ಲಿರುವ ಎಫ್‌ಎನ್ ಕಾರ್ಖಾನೆ ಆ ಕೋವಿಯನ್ನು ಮಾಡಲು ಒಪ್ಪಿತು. 1905ರಿಂದ ರೆಮಿಂಗ್ಟನ್ ಕೂಡ ಪರವಾನಗಿ ಪಡೆದು ಅದನ್ನು ಅಮೆರಿಕದಲ್ಲಿ ತಯಾರಿಸಿ ಮಾರಿತು. ಮ್ಯಾಗಝೀನಿನಲ್ಲಿ ನಾಲ್ಕು, ನಳಿಕೆಯಲ್ಲೊಂದು, ಒಟ್ಟು ಐದು ತೋಟಾ ಹಿಡಿಯುವ ಈ ಕೋವಿಗೆ ಆಟೋ-5 ಎಂಬ ಹೆಸರು ನಿಂತಿತು. ಒಡಲಿನ ಹಿಂಭಾಗ ಗೂನುಬೆನ್ನಿನಂತೆ ಚೌಕವಾಗಿ ಎದ್ದಿರುವುದರಿಂದ ದೂರದಿಂದಲೇ ಗುರುತು ಸಿಗುತ್ತದೆ. 1990ರ ದಶಕದ ಕೊನೆಯವರೆಗೂ ಇದು ತಯಾರಾಗುತ್ತಿತ್ತು, ಕೊನೆಯ ದಶಕಗಳಲ್ಲಿ ಜಪಾನಿನ ಮಿರೊಕು ಕಾರ್ಖಾನೆಯಲ್ಲಿ. ಹೀಗೆ ಲಕ್ಷಗಟ್ಟಲೆ ಆಟೋ-5ಗಳು ಇವತ್ತಿಗೂ ಕೈಯಿಂದ ಕೈಗೆ ಹೋಗುತ್ತಿವೆ. ಸೆಕೆಂಡ್ ಹ್ಯಾಂಡ್ ಕೋವಿಯ ದುರಸ್ತಿಯ ವಿಜ್ಞಾನ ಕಲಿಯಲು ಇದಕ್ಕಿಂತ ಒಳ್ಳೆಯ ಪಾಠಪುಸ್ತಕ ಇನ್ನೊಂದಿಲ್ಲ.

ಇದರ ಕೆಲಸದ ಕ್ರಮ ವಿಚಿತ್ರವಾಗಿದೆ. ಈಡು ಹಾರಿದಾಗ ನಳಿಕೆ ಸುಮ್ಮನೆ ನಿಲ್ಲುವುದಿಲ್ಲ. ಅದರ ಬೆನ್ನಿಗೆ ಬೀಗ ಹಾಕಿಕೊಂಡಿರುವ ಬೋಲ್ಟಿನ ಜೊತೆಗೆ ಇಡೀ ನಳಿಕೆಯೇ ಹಿಂದಕ್ಕೆ ಜಾರುತ್ತದೆ, ಒಂದು ತೋಟಾದ ಉದ್ದಕ್ಕಿಂತ ಹೆಚ್ಚು ದೂರ. ಜಾರುವಾಗ ಮ್ಯಾಗಝೀನ್ ಕೊಳವೆಯ ಸುತ್ತಲಿರುವ ದೊಡ್ಡ ಸ್ಪ್ರಿಂಗನ್ನೂ, ಹಿಂದಿನ ಮರದ ಹಿಡಿಯೊಳಗೆ ಅಡಗಿರುವ ಮತ್ತೊಂದು ಸ್ಪ್ರಿಂಗನ್ನೂ ಒತ್ತುತ್ತದೆ. ಕೊನೆ ಮುಟ್ಟಿದಾಗ ಬೋಲ್ಟ್ ಅಲ್ಲೇ ತಡೆದು ನಿಲ್ಲುತ್ತದೆ, ನಳಿಕೆ ಮಾತ್ರ ಸ್ಪ್ರಿಂಗಿನ ಬಲದಿಂದ ಮುಂದಕ್ಕೆ ಮರಳುತ್ತದೆ. ಖಾಲಿ ತೋಟಾವನ್ನು ಬೋಲ್ಟಿನ ಕೊಕ್ಕೆ ಹಿಡಿದಿರುವುದರಿಂದ ನಳಿಕೆಯೇ ತೋಟಾದಿಂದ ಕಳಚಿಕೊಂಡು ಹೋಗುತ್ತದೆ. ಖಾಲಿ ಹೊರಗೆ ಚಿಮ್ಮುತ್ತದೆ, ಹೊಸ ತೋಟಾ ಮೇಲೇಳುತ್ತದೆ, ಬಿಡುಗಡೆಯಾದ ಬೋಲ್ಟ್ ಅದನ್ನು ನಳಿಕೆಯ ಬುಡದಲ್ಲಿ ತೋಟಾ ಕೂರುವ ಗೂಡಿಗೆ ತಳ್ಳಿ ಮತ್ತೆ ಬೀಗ ಹಾಕುತ್ತದೆ. ಇಷ್ಟೆಲ್ಲ ನಡೆಯುವುದು ಕಣ್ಣು ರೆಪ್ಪೆ ಬಡಿಯುವಷ್ಟರಲ್ಲಿ.

ಚರೆ ಇನ್ನೂ ನಳಿಕೆಯೊಳಗೆ ಇರುವಾಗಲೇ ನಳಿಕೆ ಹಿಂದಕ್ಕೆ ಜಾರತೊಡಗಿದರೆ ಬೀಗ ಬೇಗ ತೆರೆದು ಬಿಸಿ ಅನಿಲ ಮುಖಕ್ಕೆ ಬಡಿಯುವುದಿಲ್ಲವೇ ಎಂಬ ಪ್ರಶ್ನೆ ಏಳುವುದು ಸಹಜ. ಲೆಕ್ಕ ಹಾಕಿ ನೋಡೋಣ. ಚರೆ, ಅದರ ಹಿಂದಿನ ಬಿರಡೆ, ಅವುಗಳೊಂದಿಗೆ ಸಾಗುವ ಅನಿಲದ ಪಾಲು ಸೇರಿ 36 ಗ್ರಾಂ ಎನ್ನೋಣ. ಅದು ನಳಿಕೆಯಲ್ಲಿ ಸಾಗುವ ದಾರಿ ಸುಮಾರು 65 ಸೆಂ.ಮೀ. ಜಾರುವ ನಳಿಕೆ ಮತ್ತು ಬೋಲ್ಟಿನ ತೂಕ 1.4 ಕಿಲೋ ಎಂದಿಟ್ಟುಕೊಳ್ಳಿ. ಎರಡೂ ಒಂದನ್ನೊಂದು ತಳ್ಳಿಕೊಂಡು ದೂರವಾಗುವಾಗ ಸಾಗುವ ದೂರ ಅವುಗಳ ತೂಕಕ್ಕೆ ವಿಲೋಮ. ಚರೆ 65 ಸೆಂ.ಮೀ. ದಾಟಿ ಬಾಯಿಯಿಂದ ಹೊರಬೀಳುವಷ್ಟರಲ್ಲಿ ನಳಿಕೆ ಹಿಂದಕ್ಕೆ ಸರಿದಿರುವುದು ಒಂದೂಮುಕ್ಕಾಲು ಸೆಂಟಿಮೀಟರಿಗಿಂತಲೂ ಕಡಿಮೆ. ಬೀಗ ತೆರೆಯುವುದಕ್ಕೆ ಮುನ್ನ ಅದು ಇನ್ನೂ ಐದಾರು ಸೆಂಟಿಮೀಟರ್ ಸಾಗಬೇಕು. ಅಷ್ಟರಲ್ಲಿ ಒತ್ತಡವೆಲ್ಲ ಗಾಳಿಗೆ ಹೋಗಿರುತ್ತದೆ. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಕಬ್ಬಿಣ ಕೊರೆದು, ಕೈಯಲ್ಲಿ ತೂಗಿ, ಸುಟ್ಟು ನೋಡಿ ಈ ಅಂತರವನ್ನು ಪಡೆದದ್ದು ದೊಡ್ಡ ಸಾಧನೆ.

ಕಷ್ಟ ಇರುವುದು ಬೇರೆ ಕಡೆ. ರೈಫಲ್ಲಿನ ತೋಟಾಗಳ ಬಲ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿರುತ್ತದೆ. ಶಾಟ್‌ಗನ್ನಿನ ತೋಟಾ ಹಾಗಲ್ಲ. ಮಣ್ಣಿನ ಬಿಲ್ಲೆ ಹೊಡೆಯಲು 24 ಗ್ರಾಂ ಚರೆಯದ್ದೂ ಇದೆ, ಎತ್ತರದಲ್ಲಿ ಹಾರುವ ಬಾತಿಗೆ 42 ಗ್ರಾಂ ಚರೆಯದ್ದೂ ಇದೆ. ಎರಡೂ ಒಂದೇ 12 ಗೇಜಿನ ಗೂಡಿನಲ್ಲಿ ಕೂರುತ್ತವೆ. ಹಗುರ ತೋಟಾ ನಳಿಕೆಗೆ ಕೊಡುವ ಸಂವೇಗ ಸುಮಾರು 11 ಕಿಲೋಗ್ರಾಂ-ಮೀಟರ್ ಪ್ರತಿ ಸೆಕೆಂಡ್, ಅಂದರೆ 11 ಕಿಲೋ ತೂಕದ ವಸ್ತು ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ ಬಂದು ತಾಗಿದಷ್ಟು. ಭಾರದ ತೋಟಾದ್ದು ಸುಮಾರು 19. ನೋಡಲು ಎರಡು ಪಟ್ಟಿಗಿಂತ ಕಡಿಮೆ. ಆದರೆ ಸ್ಪ್ರಿಂಗ್ ಒತ್ತುವುದು, ಮರ ಸೀಳುವುದು ಚಲನಶಕ್ತಿಯ ಕೆಲಸ, ಚಲನಶಕ್ತಿ ಸಂವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ನಳಿಕೆ ತಡೆಯಿಲ್ಲದೆ ಜಾರುತ್ತದೆ ಎಂದು ಹಿಡಿದರೆ ಹಗುರ ತೋಟಾದಿಂದ 43 ಜೌಲ್, ಭಾರದ್ದರಿಂದ 129 ಜೌಲ್. ಸರಿಯಾಗಿ ಮೂರು ಪಟ್ಟು! 43ಕ್ಕೆ ತಕ್ಕ ಸ್ಪ್ರಿಂಗ್ ಹಾಕಿದರೆ 129 ಬಂದಾಗ ನಳಿಕೆ ಒಡಲಿಗೆ ಅಪ್ಪಳಿಸುತ್ತದೆ. 129ಕ್ಕೆ ತಕ್ಕದ್ದು ಹಾಕಿದರೆ 43ರಲ್ಲಿ ನಳಿಕೆ ಅರ್ಧದಾರಿಯಲ್ಲೇ ನಿಲ್ಲುತ್ತದೆ.

ಬ್ರೌನಿಂಗ್ ಇದಕ್ಕೆ ಕೊಟ್ಟ ಉತ್ತರವೇ ಕಂಚಿನ ಬಳೆ. ಮುಂದಿನ ಮರದ ಹಿಡಿಯ ತುದಿಯಲ್ಲಿರುವ ತಿರುಪಿನ ಮುಚ್ಚಳ ಬಿಚ್ಚಿ, ಮರ ಕಳಚಿ, ನಳಿಕೆಯನ್ನು ಮೆಲ್ಲನೆ ಮುಂದಕ್ಕೆ ಎಳೆದರೆ ಮ್ಯಾಗಝೀನ್ ಕೊಳವೆ ಬರಿದಾಗಿ ಕಾಣುತ್ತದೆ. ಅದರ ಮೇಲೆ ಉದ್ದನೆಯ ಸ್ಪ್ರಿಂಗ್. ಸ್ಪ್ರಿಂಗಿನ ಮುಂದೆ ಒಂದು ಉಕ್ಕಿನ ಬಳೆ. ಅದರ ಒಂದು ಮುಖ ಚಪ್ಪಟೆ, ಇನ್ನೊಂದು ಮುಖದ ಒಳಅಂಚು ಇಳಿಜಾರು. ಅದರ ಮುಂದೆ ಸೀಳಿರುವ ಕಂಚಿನ ಬಳೆ, ಬೆರಳಲ್ಲಿ ಹಿಂಡಿದರೆ ತುಸು ಬಿಗಿಯಾಗುವಂಥದ್ದು. ನಳಿಕೆಯ ಅಡಿಯಲ್ಲಿರುವ ಉಂಗುರ ಇದರ ಮೇಲೆ ಬಂದು ಕೂರುತ್ತದೆ, ಆ ಉಂಗುರದ ಒಳಗೂ ಇಂಥದೇ ಇಳಿಜಾರು ಇದೆ. ನಳಿಕೆ ಹಿಂದಕ್ಕೆ ತಳ್ಳಿದಾಗ ಎರಡು ಇಳಿಜಾರುಗಳ ನಡುವೆ ಸಿಕ್ಕಿದ ಕಂಚು ಒಳಮುಖವಾಗಿ ಹಿಂಡಿಕೊಂಡು ಕೊಳವೆಯನ್ನು ಬಿಗಿಯಾಗಿ ಅಪ್ಪುತ್ತದೆ. ಬ್ರೇಕ್ ಬೀಳುತ್ತದೆ. ತಳ್ಳುವಿಕೆ ಜೋರಾದಷ್ಟೂ ಅಪ್ಪುವಿಕೆ ಜೋರು. ಘರ್ಷಣೆಯ ಬಲ ಒತ್ತುವ ಬಲಕ್ಕೆ ತಕ್ಕಂತೆ ಏರುತ್ತದೆ ಎಂದು ಫ್ರಾನ್ಸಿನ ಅಮೊಂಟೊನ್ 1699ರಲ್ಲಿ ತೋರಿಸಿದ್ದ. ಅದೇ ನಿಯಮ ಇಲ್ಲಿ ಕೋವಿಯೊಳಗೆ ಕೂತು ದುಡಿಯುತ್ತದೆ. ಬ್ರೌನಿಂಗ್ ಮಾಡಿದ ಪಿಸ್ತೂಲು, ಮಷಿನ್‌ಗನ್ನುಗಳಿಗೆ ಹೆಚ್ಚು ಹೆಸರು ಬಂದಿದೆ. ನನ್ನ ಎಣಿಕೆಯಲ್ಲಿ ಈ ಪುಟ್ಟ ಬಳೆ ಅವಕ್ಕೆ ಯಾವುದರಲ್ಲೂ ಕಡಿಮೆಯಲ್ಲ.

ಭಾರದ ತೋಟಾ ಬಳಸುವಾಗ ಉಕ್ಕಿನ ಬಳೆ ಸ್ಪ್ರಿಂಗಿಗೂ ಕಂಚಿಗೂ ನಡುವೆ ಇರಬೇಕು, ಇಳಿಜಾರಿನ ಮುಖ ಕಂಚಿನ ಕಡೆಗೆ. ಆಗ ಎರಡೂ ಬದಿಯಿಂದ ಹಿಂಡುವಿಕೆ. ಹಗುರ ತೋಟಾ ಬಳಸುವಾಗ ಉಕ್ಕಿನ ಬಳೆಯನ್ನು ಅಲ್ಲಿಂದ ತೆಗೆದು ಸ್ಪ್ರಿಂಗಿನ ಹಿಂದೆ, ಒಡಲಿಗೆ ತಾಗಿಸಿ ಇಡಬೇಕು. ಆಗ ಕಂಚನ್ನು ನಳಿಕೆಯ ಉಂಗುರ ಮಾತ್ರ ಒಂದು ಬದಿಯಿಂದ ಹಿಂಡುತ್ತದೆ, ಬ್ರೇಕ್ ಸಡಿಲ. ಇನ್ನೂ ಬಲವಾದ ತೋಟಾಗಳಿಗೆಂದು ಮಾಡಿದ ಮ್ಯಾಗ್ನಂ ಮಾದರಿಗಳಲ್ಲಿ ಕಂಚಿನ ಬಳೆಗಳು ಎರಡು. ಇಷ್ಟೇ ವಿಷಯ, ಆದರೆ ಕೋವಿ ಮೂರು ತಲೆಮಾರು ದಾಟುವಷ್ಟರಲ್ಲಿ ಇಷ್ಟು ಮರೆತುಹೋಗಿರುತ್ತದೆ. ಅಜ್ಜ ಬಾತುಕೋಳಿಗೆಂದು ಭಾರದ ಜೋಡಣೆಯಲ್ಲಿ ಇಟ್ಟಿದ್ದನ್ನು ಮೊಮ್ಮಗ ಹಾಗೆಯೇ ಮಾರುತ್ತಾನೆ. ಕೊಂಡವನು ಮಣ್ಣಿನ ಬಿಲ್ಲೆಗೆ ಹಗುರ ತೋಟಾ ಹಾಕುತ್ತಾನೆ. ಬ್ರೇಕ್ ಬಿಗಿ, ಶಕ್ತಿ ಕಡಿಮೆ. ಖಾಲಿ ತೋಟಾ ಕಿಂಡಿಯಲ್ಲಿ ಸಿಕ್ಕಿಕೊಳ್ಳುತ್ತದೆ.

ಇದರ ತಿರುಗುಮುರುಗು ಇನ್ನೂ ಕೆಟ್ಟದ್ದು, ಏಕೆಂದರೆ ಅದು ಸದ್ದು ಮಾಡುವುದಿಲ್ಲ. ಹಗುರದ ಜೋಡಣೆಯಲ್ಲಿ ಭಾರದ ತೋಟಾ ಹಾಕಿದರೆ ಕೋವಿ ಚೆನ್ನಾಗಿಯೇ ಓಡುತ್ತದೆ, ಖಾಲಿಗಳು ದೂರ ದೂರ ಹಾರುತ್ತವೆ, ಮಾಲೀಕನಿಗೆ ಸಂತೋಷವಾಗುತ್ತದೆ. ಒಳಗೆ ಮಾತ್ರ ಪ್ರತಿ ಈಡಿಗೂ ನಳಿಕೆ ಉಕ್ಕಿಗೆ ಉಕ್ಕು ಬಡಿಯುತ್ತಿರುತ್ತದೆ. ಕೆಲಕಾಲದ ನಂತರ ಮುಂದಿನ ಹಿಡಿಯ ತೆಳುಮರದಲ್ಲಿ ಎಳೆಯುದ್ದಕ್ಕೂ ಬಿರುಕು ಕಾಣಿಸಿಕೊಳ್ಳುತ್ತದೆ. ಆದ್ದರಿಂದ ಸೆಕೆಂಡ್ ಹ್ಯಾಂಡ್ ಆಟೋ-5 ಕೊಳ್ಳುವವರು ಹೊರಗಿನ ಕೆತ್ತನೆ, ಪಾಲಿಶ್ ನೋಡಿ ಮರುಳಾಗದೆ ಮೊದಲು ಆ ಮರ ಕಳಚಿ ಒಳಮೈಯನ್ನು ಬೆಳಕಿಗೆ ಹಿಡಿದು ನೋಡಬೇಕು. ಕೆಲವು ಕೋವಿಗಳಲ್ಲಿ ಬಳೆಗಳ ಜೋಡಣೆಯ ಚಿತ್ರವನ್ನು ಅಲ್ಲೇ ಒಳಗೆ ಅಂಟಿಸಿರುತ್ತಾರೆ.

ಎಣ್ಣೆಯ ವಿಷಯಕ್ಕೆ ಬರೋಣ. ಎಣ್ಣೆ ಹಾಕಿದಷ್ಟೂ ಯಂತ್ರಕ್ಕೆ ಒಳ್ಳೆಯದು ಎಂಬ ನಂಬಿಕೆ ಇಲ್ಲಿ ಪೂರ್ತಿ ತಪ್ಪು. ಆ ಕೊಳವೆ ಬ್ರೇಕ್ ಹಾಕುವ ಜಾಗ. ಅಲ್ಲಿ ಎಣ್ಣೆ ತೊಟ್ಟಿಕ್ಕುವಂತಿದ್ದರೆ ಕಂಚು ಅಪ್ಪಿದರೂ ಹಿಡಿತ ಸಿಗದೆ ಜಾರುತ್ತದೆ. ಬಳೆ ಸರಿಯಾದ ಜಾಗದಲ್ಲಿದ್ದರೂ ಮರ ಸೀಳುವುದು ಹೀಗೆ. ಪೂರ್ತಿ ಒಣಗಿ ತುಕ್ಕು ಹಿಡಿದಿದ್ದರೆ ತಿರುಗಾ ಬ್ರೇಕ್ ಅತಿಯಾಗುತ್ತದೆ. ಎಣ್ಣೆ ತಾಗಿಸಿದ ಬಟ್ಟೆಯಲ್ಲಿ ಒಮ್ಮೆ ಸವರಿ, ಒಣಬಟ್ಟೆಯಲ್ಲಿ ಒರೆಸಿದಾಗ ಉಳಿಯುವ ತೆಳುಪದರವಷ್ಟೇ ಸಾಕು.

ಹಿಂದಿನ ಹಿಡಿಯೊಳಗಿನ ಸ್ಪ್ರಿಂಗಿನದು ಬೇರೆ ಕಥೆ. ಅದು ಕಣ್ಣಿಗೆ ಬೀಳುವುದಿಲ್ಲ, ಆದ್ದರಿಂದ ದಶಕಗಟ್ಟಲೆ ಯಾರೂ ತೊಳೆದಿರುವುದಿಲ್ಲ. ಮೂಲೆಯಲ್ಲಿ ನೆಟ್ಟಗೆ ನಿಲ್ಲಿಸಿದ ಕೋವಿಯ ಒಡಲಿನಿಂದ ಎಣ್ಣೆ ಇಳಿದಿಳಿದು ಆ ಕೊಳವೆಯಲ್ಲಿ ಸೇರುತ್ತದೆ. ಎಣ್ಣೆಯ ಅಣುಗಳು ಗಾಳಿಯ ಆಮ್ಲಜನಕದೊಂದಿಗೆ ಬೆರೆತು ಒಂದಕ್ಕೊಂದು ಹೆಣೆದುಕೊಂಡು ಮೊದಲು ಅಂಟಾಗಿ, ಆಮೇಲೆ ವಾರ್ನಿಶ್ ಆಗಿ ಗಟ್ಟಿಯಾಗುತ್ತವೆ. ಆಗ ಬೋಲ್ಟ್ ಹೊಸ ತೋಟಾವನ್ನು ತಳ್ಳಿಕೊಂಡು ಬಂದು, ಕೂದಲೆಳೆಯಷ್ಟು ದೂರ ಉಳಿದಿರುವಾಗ ನಿಂತುಬಿಡುತ್ತದೆ. ಹೆಬ್ಬೆರಳಿನಿಂದ ತಳ್ಳಿದರೆ ಮಾತ್ರ ಮುಚ್ಚಿಕೊಳ್ಳುತ್ತದೆ. ಚಳಿಯಲ್ಲಿ ಎಣ್ಣೆ ಇನ್ನೂ ಗಟ್ಟಿಯಾಗುವುದರಿಂದ, ಮನೆಯಲ್ಲಿ ಸರಿಯಿದ್ದ ಕೋವಿ ಹಿಮ ಬೀಳುವ ಜೌಗಿನಲ್ಲಿ ಕೈಕೊಡುತ್ತದೆ.

ಹಾಗಾಗಿ ದೋಷ ಹುಡುಕುವಾಗ ಮುಖ್ಯ ಪ್ರಶ್ನೆ, ಈ ಸರಪಳಿ ಯಾವ ಕೊಂಡಿಯಲ್ಲಿ ನಿಂತಿತು ಎನ್ನುವುದು. ಖಾಲಿ ತೋಟಾ ಗೂಡಿನಿಂದ ಅಲುಗಲೇ ಇಲ್ಲವೆಂದರೆ ಕೊಕ್ಕೆ ಸವೆದಿರಬಹುದು ಇಲ್ಲವೇ ಗೂಡಿನ ಒಳಮೈ ತುಕ್ಕಿನಿಂದ ಒರಟಾಗಿರಬಹುದು. ಅರ್ಧ ಬಂದು ಸಿಕ್ಕಿಕೊಂಡರೆ ಬ್ರೇಕ್ ಬಿಗಿ ಅಥವಾ ತೋಟಾ ಹಗುರ. ಖಾಲಿ ಚೆನ್ನಾಗಿ ಹಾರಿಯೂ ಹೊಸದು ಬಾರದಿದ್ದರೆ ಮ್ಯಾಗಝೀನಿನ ಸ್ಪ್ರಿಂಗ್ ಸೋತಿದೆ. ಬಂದೂ ಮುಚ್ಚಿಕೊಳ್ಳದಿದ್ದರೆ ಹಿಂದಿನ ಹಿಡಿಯ ಜಿಡ್ಡು. ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಬೇಕು. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಕೋವಿ ಸರಿಹೋದರೂ ದೋಷ ಏನಿತ್ತೆಂದು ಯಾರಿಗೂ ತಿಳಿಯುವುದಿಲ್ಲ.

ದೋಷವೇ ಅಲ್ಲದ ದೋಷವೂ ಉಂಟು. ಐದು ಹಿಡಿಯಬೇಕಾದ ಕೋವಿ ಮೂರೇ ತೋಟಾ ಹಿಡಿಯುತ್ತದೆ ಎಂದು ದೂರುವವರಿದ್ದಾರೆ. ಮ್ಯಾಗಝೀನ್ ಬಿಚ್ಚಿದರೆ ಒಳಗೊಂದು ಮರದ ಕಡ್ಡಿ! ಅಮೆರಿಕದಲ್ಲಿ ಬಾತುಕೋಳಿಗಳ ಸಂಖ್ಯೆ ಅಪಾಯಕಾರಿಯಾಗಿ ಕುಸಿದ 1930ರ ದಶಕದಲ್ಲಿ, 1935ರಿಂದ, ವಲಸೆ ಹಕ್ಕಿಗಳ ಬೇಟೆಗೆ ಬಳಸುವ ಕೋವಿಯಲ್ಲಿ ಮೂರಕ್ಕಿಂತ ಹೆಚ್ಚು ತೋಟಾ ಇರಕೂಡದೆಂದು ನಿಯಮ ಬಂತು. ಹಕ್ಕಿಗಳನ್ನು ಉಳಿಸಲು ಹಾಕಿದ ಕಡ್ಡಿ ಅದು. ಅದೇ ಕಾಳಜಿ ಮುಂದೆ ಚರೆಯ ಲೋಹವನ್ನೂ ಬದಲಿಸಿತು. ಜೌಗಿನಲ್ಲಿ ಬಿದ್ದ ಸೀಸದ ಚರೆಯನ್ನು ನುಂಗಿ ನೀರುಹಕ್ಕಿಗಳು ವಿಷವೇರಿ ಸಾಯುತ್ತಿದ್ದವು. 1991ರಿಂದ ನೀರುಹಕ್ಕಿಗಳ ಬೇಟೆಗೆ ಸೀಸದ ಚರೆ ಆ ದೇಶದಾದ್ಯಂತ ನಿಷಿದ್ಧ. ಅದರ ಜಾಗಕ್ಕೆ ಬಂದ ಉಕ್ಕಿನ ಚರೆ ಸೀಸದಂತೆ ಮಣಿಯುವುದಿಲ್ಲ. ಆದ್ದರಿಂದ ಹಳೆಯ ಬೆಲ್ಜಿಯಂ ನಳಿಕೆಗಳಲ್ಲಿ ಉಕ್ಕಿನ ಚರೆ ಬಳಸಬೇಡಿ ಎಂದು ಬ್ರೌನಿಂಗ್ ಕಂಪನಿಯೇ ಹೇಳುತ್ತದೆ.

ಎಲ್ಲ ಹಳೆಯ ಕೋವಿಗಳೂ ಒಳ್ಳೆಯ ಕೋವಿಗಳಲ್ಲ ಎನ್ನಲು ಒಂದು ಉದಾಹರಣೆ ಸಾಕು. ಬ್ರೌನಿಂಗ್ ಕೈತಪ್ಪಿದ ಮೇಲೆ ವಿಂಚೆಸ್ಟರ್ ತನ್ನದೇ ಆದ 1911 ಮಾದರಿಯನ್ನು ಹೊರತಂದಿತು. ಬೋಲ್ಟನ್ನು ಕೈಯಿಂದ ಎಳೆಯುವ ಹಿಡಿಕೆಗೆ ಬ್ರೌನಿಂಗನ ಪೇಟೆಂಟ್ ಅಡ್ಡ ಬಂತು. ಹಾಗಾಗಿ ಇದರಲ್ಲಿ ಹಿಡಿಕೆಯೇ ಇಲ್ಲ, ನಳಿಕೆಯ ಗೀರುಹಾಕಿದ ಭಾಗವನ್ನು ಹಿಡಿದು ನಳಿಕೆಯನ್ನೇ ಹಿಂದಕ್ಕೆ ತಳ್ಳಬೇಕು. ಆಗಿನ ತೋಟಾಗಳು ಕಾಗದದವು, ತೇವಕ್ಕೆ ಊದಿಕೊಂಡು ಗೂಡಿನಲ್ಲಿ ಸಿಕ್ಕಿಕೊಳ್ಳುತ್ತಿದ್ದವು. ಬಿಡಿಸಲು ಜನ ಕೋವಿಯ ಬುಡವನ್ನು ನೆಲಕ್ಕೂರಿ, ನಳಿಕೆಯ ಬಾಯಿ ಮುಖದ ಕಡೆಗಿರುವಂತೆ ಹಿಡಿದು ಕೆಳಕ್ಕೆ ಒತ್ತುತ್ತಿದ್ದರು. ಹೀಗೆ ಈಡು ಹಾರಿದ್ದರಿಂದ ಆ ಕೋವಿಗೆ ವಿಧವೆಯರನ್ನು ಮಾಡುವ ಕೋವಿ ಎಂಬ ಹೆಸರು ಅಂಟಿತು. ಅದರ ಒದೆತ ತಡೆಯುವ ನಾರಿನ ಬಿಲ್ಲೆಗಳೂ ಕಾಲಕ್ಕೆ ಪುಡಿಯಾಗುತ್ತವೆ. ಅಗ್ಗಕ್ಕೆ ಸಿಕ್ಕಿತೆಂದು ಅದನ್ನು ಸುಡುವುದಕ್ಕಾಗಿ ಕೊಳ್ಳುವುದು ಸರಿಯಲ್ಲ. ಗೋಡೆಯ ಮೇಲಿರಲಿ.

ಹೊಸ ಕಾಲದ ಕೋವಿಗಳು ನಳಿಕೆಯನ್ನು ಜಾರಿಸುವುದಿಲ್ಲ. ರೆಮಿಂಗ್ಟನ್ 1963ರಲ್ಲಿ ತಂದ 1100 ಮಾದರಿ ನಳಿಕೆಯ ಸಣ್ಣ ರಂಧ್ರಗಳಿಂದ ಅನಿಲ ಕದ್ದು, ಅದರಿಂದ ಬೋಲ್ಟನ್ನು ತಳ್ಳುತ್ತದೆ. ಅದರಲ್ಲಿ ಕಂಚಿನ ಬಳೆಯ ಬದಲು ಅನಿಲ ಸೋರದಂತೆ ತಡೆಯುವ ರಬ್ಬರ್ ಉಂಗುರವಿದೆ. ರಬ್ಬರ್ ಒಣಗಿ ಬಿರಿದರೆ ಅಥವಾ ರಂಧ್ರಗಳಲ್ಲಿ ಮಸಿ ಕಟ್ಟಿದರೆ ಅದೇ ಹಳೆಯ ಕಾಯಿಲೆ, ಖಾಲಿ ತೋಟಾ ಕಿಂಡಿಯಲ್ಲಿ. ಇಟಲಿಯ ಬೆನೆಲ್ಲಿ ಕೋವಿಗಳು ಜಡತ್ವವನ್ನೇ ನಂಬಿವೆ. ಒದೆತಕ್ಕೆ ಕೋವಿ ಹಿಂದಕ್ಕೆ ಸರಿಯುವಾಗ ಬೋಲ್ಟ್ ಇದ್ದಲ್ಲೇ ಉಳಿದು ನಡುವಿನ ಸ್ಪ್ರಿಂಗ್ ಒತ್ತಿಕೊಳ್ಳುತ್ತದೆ. ಅಂಥ ಕೋವಿಗೆ ತೂಕದ ಸಾಮಾನುಗಳನ್ನು ಕಟ್ಟಿದರೆ ಅದು ಸಾಕಷ್ಟು ಸರಿಯದೆ ನಿಲ್ಲಬಹುದು. ದಾರಿ ಬೇರೆಯಾದರೂ ಲೆಕ್ಕ ಅದೇ.

ನಮ್ಮ ದೇಶದಲ್ಲಿ 1959ರ ಆಯುಧ ಕಾಯ್ದೆಯಂತೆ ಕೋವಿ ಇಟ್ಟುಕೊಳ್ಳಲು ಮಾತ್ರವಲ್ಲ, ಕೋವಿ ದುರಸ್ತಿಯ ಕಸುಬಿಗೂ ಪರವಾನಗಿ ಬೇಕು. ಕೊಡವರಿಗೆ ಕೋವಿ ಹೊಂದುವುದರಲ್ಲಿ ಹಿಂದಿನಿಂದ ಬಂದ ವಿನಾಯಿತಿ ಇದೆ, ಕೈಲ್‌ಪೊಳ್ದ್ ಹಬ್ಬದಂದು ಅವರು ಕೋವಿಗೆ ಪೂಜೆ ಮಾಡುತ್ತಾರೆ. ಯಾರ ಕೋವಿಯೇ ಆಗಲಿ, ಬಿಚ್ಚುವ ಮುನ್ನ ಗೂಡನ್ನೂ ಮ್ಯಾಗಝೀನನ್ನೂ ಕಣ್ಣಿನಿಂದ ನೋಡಿ, ಬೆರಳು ಹಾಕಿ ಮುಟ್ಟಿ, ಖಾಲಿಯೆಂದು ಖಚಿತಪಡಿಸಿಕೊಳ್ಳಬೇಕು.

ಕೊನೆಗೆ, ಯಾವ ಬಳೆ ಬದಲಿಸಿದರೂ ಸರಿಹೋಗದ ಒಂದು ದೋಷದ ಬಗ್ಗೆ ಎಚ್ಚರಿಸಬೇಕು. ಎರಡನೇ ಮಹಾಯುದ್ಧಕ್ಕೆ ಮುಂಚಿನ 16 ಗೇಜಿನ ಆಟೋ-5ಗಳಲ್ಲಿ ತೋಟಾ ಕೂರುವ ಗೂಡಿನ ಉದ್ದ 65 ಮಿ.ಮೀ. ಈಗ ಸಿಗುವ ತೋಟಾ 70 ಮಿ.ಮೀ.ನದ್ದು. ಆದರೆ 70 ಎನ್ನುವುದು ಈಡು ಹಾರಿದ ಮೇಲೆ, ಮಡಿಕೆ ಬಿಚ್ಚಿಕೊಂಡಾಗಿನ ಉದ್ದ. ಹಾರುವ ಮುನ್ನ ಬಾಯಿ ಮಡಚಿರುವುದರಿಂದ ಅದು 60 ಮಿ.ಮೀ. ಆಸುಪಾಸಿನಲ್ಲಿದ್ದು, ಚಿಕ್ಕ ಗೂಡಿನಲ್ಲಿ ಯಾವ ಅಡ್ಡಿಯೂ ಇಲ್ಲದೆ ಕೂರುತ್ತದೆ. ಸಿಡಿದಾಗ ಬಿಚ್ಚಿಕೊಳ್ಳುವ ತುದಿಗೆ ಜಾಗ ಸಾಲದೆ ನಳಿಕೆಯ ಕಿರಿದಾದ ಭಾಗಕ್ಕೆ ಚಾಚಿಕೊಳ್ಳುತ್ತದೆ, ಚರೆಯ ದಾರಿ ಇಕ್ಕಟ್ಟಾಗಿ ಒತ್ತಡ ಏರುತ್ತದೆ. ಕೈಗೆ ಸಿಕ್ಕಿರುವುದು ಹಳೆಯ 16 ಗೇಜಿನ ಕೋವಿಯಾದರೆ, ಬಲ್ಲ ಗನ್‌ಸ್ಮಿತ್‌ನಿಂದ ಗೂಡಿನ ಉದ್ದ ಅಳೆಯಿಸುವವರೆಗೆ ಅದಕ್ಕೆ ಒಂದು ತೋಟಾವನ್ನೂ ಹಾಕಬೇಡಿ.